ಸೂಜಿಯಿಲ್ಲದೆ ಲಸಿಕೆ ಹಾಕಿದ ಡಾಕ್ಟರಮ್ಮ

ಮಲೆನಾಡಿನ ದನಗಳ ಆರೋಗ್ಯದ ವಿಚಾರ ಎಲ್ಲಿ ಬಂದರೂ ಮೊದಲು ನೆನಪಾಗುವ ಹೆಸರು ಡಾ. ಸರ್ವಮಂಗಳಾ ಅವರದು. ಮೂಡಿಗೆರೆ ಸೀಮೆಯಲ್ಲಿ ಪಶುವೈದ್ಯರಾಗಿ ಸೇವೆಗೆ ಸೇರಿ, ಇದೀಗ ಗೌರವದಿಂದ ನಿವೃತ್ತರಾಗುತ್ತಿರುವ ಅವರ ಕೈಕೆಳಗೆ ಕಿರಿಯ ವೈದ್ಯೆಯಾಗಿ ಕೆಲಸ ಕಲಿತವಳು ನಾನೆಂಬುದು ನನ್ನ ಪಾಲಿನ ಹೆಮ್ಮೆ.

ನಮ್ಮ ಗಿಡ್ಡ ತಳಿಯ ದನಗಳು ಹಗಲೆಲ್ಲ ಕಾಡಂಚಿನಲ್ಲಿ ಮೇಯುವಂಥವು. ಹಗ್ಗ ಕಂಡರೆ ಗುಡ್ಡ ಹತ್ತಿಬಿಡುತ್ತವೆ. ಒಮ್ಮೆ ಕಳಸದ ಕಡೆ ಲಸಿಕೆಗಾಗಿ ಹಿಡಿದು ಕಟ್ಟುವಾಗ ಗಬ್ಬದ ಹಸುವೊಂದು ಬಿದ್ದು ಕಾಲು ಮುರಿದುಕೊಂಡಿತು. ಮೇಡಂ ದಿನವೂ ಹೋಗಿ ಆರೈಕೆ ಮಾಡಿದರೂ ಅದು ಉಳಿಯಲಿಲ್ಲ. ಮರುವರ್ಷ ಅದರ ಒಡತಿ ದ್ಯಾವಮ್ಮನವರು ನಮ್ಮನ್ನು ಅಂಗಳದಲ್ಲೇ ತಡೆದು, "ನಿಮ್ಮ ಮೇಲೆ ಸಿಟ್ಟಿಲ್ಲ ಡಾಕ್ಟ್ರಮ್ಮ. ಆದ್ರೆ ಇನ್ನೊಂದನ್ನ ಕಳ್ಕೊಳ್ಳೋ ಶಕ್ತಿ ನಂಗಿಲ್ಲ" ಎಂದರು. ಊರಿನ ಹಲವರೂ ಲಸಿಕೆ ಬೇಡವೆಂದರು. ಜೀಪಿನಲ್ಲಿ ಮೇಡಂ ನನಗೆ ಹೇಳಿದ್ದು ಇಷ್ಟೇ: "ಅವ್ರು ಹೇಳಿದ್ದು ಸರಿ. ಬದಲಾಗ್ಬೇಕಾದ್ದು ನಮ್ಮ ವಿಧಾನ."

ಸೂಜಿಯಿಲ್ಲದೆ, ಒತ್ತಡದಿಂದಲೇ ಔಷಧವನ್ನು ಚರ್ಮದೊಳಕ್ಕೆ ಹಾಯಿಸುವ ಪಿಚಕಾರಿಯೊಂದನ್ನು ಎಂಜಿನಿಯರ್ ಮಿತ್ರ ಮಲ್ಲಿಕಾರ್ಜುನ ಅವರೊಡಗೂಡಿ ಅವರು ರೂಪಿಸಿದರು. ಮಲ್ಲಂದೂರಿನಲ್ಲಿ ನಡೆದ ಮೊದಲ ಪ್ರಯೋಗ ಸೋತಿತು. ದನ ಕತ್ತು ಕೊಡವುತ್ತಲೇ ಲಸಿಕೆ ಕೂದಲ ಮೇಲೆ ಹರಿದುಹೋಗುತ್ತಿತ್ತು. ರಕ್ತಪರೀಕ್ಷೆಯಲ್ಲಿ ರೋಗನಿರೋಧಕ ಶಕ್ತಿ ಕಾಣಲಿಲ್ಲ. ಸಭೆಯೊಂದರಲ್ಲಿ ಕೆಲವು ಹಿರಿಯ ವೈದ್ಯರು ನಕ್ಕರು. ಮೇಡಂ ಸೋಲನ್ನು ಇದ್ದಂತೆಯೇ ಅವರೆದುರು ಒಪ್ಪಿಕೊಂಡು, ಮತ್ತೆ ಕೆಲಸಕ್ಕೆ ಕೂತರು.

ಆಮೇಲೆ ಅವರಿಗೆ ಹೊಳೆದದ್ದು ಉಪ್ಪು. ಉಪ್ಪು ನೆಕ್ಕುವ ದನ ಅಲುಗಾಡದು. ಸಿಲ್ವರ್ ಓಕ್ ಮರದ ಗಳುಗಳಿಂದ ಒಂದೇ ದನ ಹಾಯುವಷ್ಟು ಅಗಲದ ಓಣಿ ಕಟ್ಟಿಸಿ, ತುದಿಯಲ್ಲಿ ಉಪ್ಪು ತುಂಬಿದ ಮರದ ತೊಟ್ಟಿ ಇರಿಸಿ, ಪಕ್ಕದಿಂದ ಕತ್ತಿಗೆ ಪಿಚಕಾರಿ ಒತ್ತಿದರೆ ರೆಪ್ಪೆ ಮಿಟುಕಿಸುವಷ್ಟರಲ್ಲಿ ಕೆಲಸ ಮುಗಿಯುತ್ತಿತ್ತು. ಈ ಬಾರಿ ರಕ್ತಪರೀಕ್ಷೆ ಸೂಜಿಗೆ ಸರಿಸಮನಾದ ಫಲ ತೋರಿತು. ತಮ್ಮೂರಿಗೂ ಓಣಿ ಬಂದಾಗ ದ್ಯಾವಮ್ಮನವರು ಅದರ ಬಳಿ ಬಹಳ ಹೊತ್ತು ನಿಂತು ನೋಡಿದರು; ಸಂಜೆಗೆ ತಮ್ಮ ದನಗಳನ್ನು ತಾವೇ ಹೊಡೆದುಕೊಂಡು ಬಂದರು.

ಮುಂದಿನ ವರ್ಷ ಕಣಿವೆಯುದ್ದಕ್ಕೂ ಕಾಲುಬಾಯಿ ಜ್ವರ ಹಬ್ಬಿತು. ಓಣಿ ಹಾಯ್ದ ದನಗಳಲ್ಲಿ ಒಂದೂ ಸಾಯಲಿಲ್ಲ. ಅಂದು ನಕ್ಕವರೇ ಪಿಚಕಾರಿ ಕೇಳಿಕೊಂಡು ಬಂದಾಗ ಮೇಡಂ ಕಾಫಿ ಕೊಟ್ಟು, ಬಳಸುವ ಕ್ರಮವನ್ನು ತಾಳ್ಮೆಯಿಂದ ಕಲಿಸಿಕೊಟ್ಟರು. ಇಂದು ಗೋಣಿಬೀಡಿನಿಂದ ಕಳಸದವರೆಗೆ ಊರೂರಿನಲ್ಲಿ ಇಂಥ ಓಣಿಗಳಿವೆ.

ವಿಶ್ರಾಂತಿ ಅವರ ಜಾಯಮಾನಕ್ಕೆ ಒಗ್ಗದು. ಕರುಗಳ ಎಳೆಯ ಚರ್ಮಕ್ಕೆ ಹೊಂದುವ ಪುಟ್ಟ ಪಿಚಕಾರಿಯ ಕೆಲಸ ಆಗಲೇ ಶುರುವಾಗಿದೆ. ಮೊನ್ನೆ ಅದನ್ನು ಪರೀಕ್ಷಿಸಿದಾಗ ಕರು ಬೆದರದೆ ಅವರ ಕೈಯನ್ನೇ ನೆಕ್ಕುತ್ತ ನಿಂತಿತ್ತು. ಆ ಕೈಗಳ ಕಸುವು ಕುಂದದಿರಲಿ, ಅವರ ಆಯುಷ್ಯ ನೂರು ತುಂಬಲಿ. ಈ ಗುಡ್ಡಗಳ ಕೊಟ್ಟಿಗೆಗಳಿಗೆ ಅವರು ಇನ್ನೂ ಬಹುಕಾಲ ಬೇಕು.

— ಡಾ. ರೂಪಶ್ರೀ