ಹಣಿಗಿ, ಪೇರಲ, ಕೋಳಿ

ಆ ದಿನ ಮೊದಲು ನಕ್ಕವರು ಯಾರು ಎಂಬುದು ನನಗೆ ಖಚಿತವಿಲ್ಲ. ವಿಶ್ವವಿದ್ಯಾಲಯದಲ್ಲಿ ನಾನು ಚೆನ್ನಾಗಿ ಕಲಿತದ್ದು ಅನುಮಾನಿಸುವುದೊಂದನ್ನೇ. ಅದನ್ನೀಗ ನನ್ನ ನೆನಪಿನ ಮೇಲೇ ಪ್ರಯೋಗಿಸುತ್ತಿದ್ದೇನೆ.

ಇವತ್ತು ಬೆಳಿಗ್ಗೆ ಧಾರವಾಡದ ಅಂಗಡಿಯೊಂದರಲ್ಲಿ ಮಗಳಿಗೆಂದು ಬಾಚಣಿಗೆ ಕೇಳಿದೆ. ಅಂಗಡಿಯವನು ನನ್ನ ಬೋಳುತಲೆಯನ್ನೇ ನೋಡಿ, ‘ಹಣಿಗೀನಾ? ಯಾರ ಸಲುವಾಗಿ ರೀ?’ ಎಂದ. ನನಗೆ ನಗು ತಡೆಯಲಾಗಲಿಲ್ಲ. ಅವನು ತನ್ನ ಹಾಸ್ಯಕ್ಕೆಂದುಕೊಂಡ. ನನಗೆ ನೆನಪಾದದ್ದು ನನ್ನ ಚಿಕ್ಕಪ್ಪ, ಕಾಕಾ.

ಹಳೇ ಹುಬ್ಬಳ್ಳಿಯಲ್ಲಿ ಕಾಕಾನದು ಅರಿವಿ ಅಂಗಡಿ. ಸೀರೆಗೆಂದು ಬಂದವರು ಅವನ ಮಾತು ಕೇಳುತ್ತ ಪರದೆ ಬಟ್ಟೆಯನ್ನೂ ಹೊತ್ತು ಹೋಗುತ್ತಿದ್ದರು. ಪಾರ್ಶ್ವವಾಯು ಬಡಿದದ್ದು ನೇರ ಆ ಮಾತಿಗೇ. ಅವನ ಹೆಂಡತಿ ಕಾಕು ನನ್ನನ್ನು ಕೇಳುತ್ತಿದ್ದದ್ದು ಒಂದೇ: ‘ಮಾತು ಹೋದ್ರ ಹೋಗ್ಲೋ. ತಾವು ಏನ್ ಅನ್ನಾಕತ್ತಾರ ಅನ್ನೂದರ ಅವರಿಗೆ ತಿಳೀತೈತೇನು?’

ಮಾತು ಪರೀಕ್ಷಿಸಲು ಬಂದ ತಜ್ಞೆ ಮೈಸೂರು ಕಡೆಯ ತರುಣಿ. ಬಾಚಣಿಗೆಯ ಚಿತ್ರ ಹಿಡಿದರು. ಕಾಕಾ ತಿಣುಕಿ ತಿಣುಕಿ, ‘ಹ... ಹಣಿಗಿ’ ಎಂದ.

‘ಹಣೆಗಾ?’ ಅವರ ಮುಖ ಸಣ್ಣದಾಯಿತು. ಒಂದು ಹೆಸರು ಹುಡುಕುತ್ತ ಪಕ್ಕದ ಹೆಸರಿಗೆ ಜಾರುವುದು ಈ ಕಾಯಿಲೆಯ ಲಕ್ಷಣವಂತೆ.

‘ಏ ಮೇಡಮ್ಮಾರ, ನಮ್ಮ ಕಡೆ ಬಾಚಣಿಗಿಗೆ ಹಣಿಗೀನ ಅಂತಾರ್ರಿ!’ ಎಂದಳು ಕಾಕು.

ಸೀಬೆಹಣ್ಣಿಗೆ ‘ಪೇರಲ’ ಬಂತು. ‘ಅದೂ ಖರೇನ ರೀ!’ ಎರಡಕ್ಕೂ ಅಂಕ ಬಿತ್ತು. ಕಾಕು ಕುಸ್ತಿ ಗೆದ್ದವಳಂತೆ ಸೆರಗು ಬಿಗಿದಳು.

ಮುಂದಿನದು ಕೊಡೆ. ಕಾಕಾ ತಡವರಿಸದೆ, ‘ಕೋಳಿ’ ಎಂದ.

‘ನಮ್ಮ ಕಡೆ ಹಂಗೂ ಅಂತಾರ್ರಿ’ ಎಂದಳು ಕಾಕು.

ಇಡೀ ಕೋಣೆ ನಕ್ಕದ್ದು, ಕಾಕಾನ ಭುಜ ಕುಲುಕಿದ್ದು, ಎಲ್ಲ ಒಟ್ಟಿಗೇ ನೆನಪಿದೆ. ಹಿಂದುಮುಂದು ಮಾತ್ರ ನೆನಪಿಲ್ಲ. ಕಾಕಾ ಆ ವರ್ಷವೇ ತೀರಿಕೊಂಡ. ಮದುವೆ ಮನೆಗಳಲ್ಲಿ ಈ ಕತೆ ಹೇಳುವಾಗ ಅವನನ್ನೇ ಮೊದಲು ನಗಿಸುತ್ತೇನೆ. ಕತೆಗೆ ಅದು ಒಪ್ಪುತ್ತದೆ, ಅದಕ್ಕೇ ನನಗೆ ಅನುಮಾನ. ನಮ್ಮನ್ನು ನೋಡಿ ನಕ್ಕಿದ್ದರೆ ಅದು ಬರೀ ಜೊತೆಗೂಡುವಿಕೆ. ತಾನೇ ಮೊದಲು ನಕ್ಕಿದ್ದರೆ, ತಪ್ಪಿದ್ದು ಅವನಿಗೆ ತಿಳಿದಿತ್ತು. ಕಾಕು ಇಂದಿಗೂ ಕೇಳುವುದು ಅದನ್ನೇ ಅಲ್ಲವೇ?

ಹಣಿಗಿ ಕಿಸೆಯಲ್ಲಿಟ್ಟುಕೊಂಡು ಅಂಗಡಿಯ ಮುಂದೆಯೇ ಆ ತಜ್ಞೆಗೆ ಫೋನ್ ಮಾಡಿದೆ. ಕಾಕಾ ಮೊದಲು ನಕ್ಕನೆಂಬ ನನ್ನ ಕತೆಯನ್ನು ಹೇಳದೆ, ಬರೀ ಪ್ರಶ್ನೆ ಕೇಳಿದೆ.

‘ಆ ಕೋಳೀನ ಮರೆಯೋಕಾಗುತ್ತಾ ಸರ್! ನಾನು ಅವರ ಮುಖಾನೇ ನೋಡ್ತಿದ್ದೆ. ಕೋಳಿ ಅಂದ ಕೂಡಲೇ ನಿಮ್ಮ ಚಿಕ್ಕಪ್ಪ ತಾವೇ ನಕ್ಕುಬಿಟ್ರು. ನಿಮ್ಮ ಚಿಕ್ಕಮ್ಮ ಬಾಯಿ ತೆಗೆದದ್ದು ಆಮೇಲೆ.’