ನಾಳೆ ಬರುವ ಕಳ್ಳನಿಗೆ ಇಂದೇ ಚಿಲಕ

ಬೆಳಕು ಹರಿಯುತ್ತಿದೆ. ಪುಣೆಯ ಸದಾಶಿವ ಪೇಠದ ಹಳೆಯ ವಾಡೆಯೊಂದರ ಮಹಡಿಯಲ್ಲಿ ಪಂಕಜಾಕ್ಷಿ ಹಂಚಿನಾಳ ಲ್ಯಾಪ್‌ಟಾಪ್ ತೆರೆದು ಕೂತಿದ್ದಾರೆ. ಕೆಳಗೆ ಹಾಲಿನವನ ಸ್ಕೂಟರ್ ನಿಂತು ಹೊರಡುತ್ತದೆ. ಎಲ್ಲಿಯದೋ ಗ್ರಂಥಾಲಯದವರು, ಯಾವುದೋ ಸಹಕಾರಿ ಬ್ಯಾಂಕಿನವರು ತಮ್ಮ ತೊಡಕು ಬರೆದು ಕಳಿಸಿದ್ದಾರೆ. ಚಹಾ ಆರುತ್ತಿದೆ. ಇವರು ಉತ್ತರ ಬರೆಯುತ್ತಿದ್ದಾರೆ.

ಧಾರವಾಡದ ಈ ಹೆಣ್ಣುಮಗಳು ಹಗಲು ಕಂಪನಿಯೊಂದರ ಉದ್ಯೋಗಿ. ಬೆಳಗಿನ ಈ ಹೊತ್ತು ಮಾತ್ರ ‘ಚಿಲಕ’ದ್ದು. ಅದು ಅವರೇ ಬರೆದು, ಯಾರಾದರೂ ಬಳಸಲಿ, ತಿದ್ದಲಿ ಎಂದು ಬಿಟ್ಟುಕೊಟ್ಟ ತಂತ್ರಾಂಶ. ನಮ್ಮ ಸಂದೇಶಗಳನ್ನು ಕಾಯುತ್ತಿರುವ ಗುಪ್ತಲಿಪಿಯ ಬೀಗಗಳನ್ನು ಮುಂದೊಂದು ದಿನ ಸಾಕಷ್ಟು ಬಲಿತ ಕ್ವಾಂಟಮ್ ಕಂಪ್ಯೂಟರ್ ಒಡೆಯಬಹುದು. ಅಂಥ ಹಳೆಯ ಬೀಗ ಎಲ್ಲೆಲ್ಲಿದೆಯೆಂದು ಚಿಲಕ ಹುಡುಕುತ್ತದೆ; ಆ ಕಂಪ್ಯೂಟರಿಗೂ ಜಗ್ಗದ ಹೊಸ ಬೀಗ ಹಾಕಲು ನೆರವಾಗುತ್ತದೆ.

“ಅಂಥಾ ಯಂತ್ರ ಇನ್ನೂ ಬಂದಿಲ್ಲಲ್ರಿ, ಈಗ್ಯಾಕ ಅವಸರ?” ಎಂದು ಕೇಳುತ್ತೇನೆ.

“ಕೀಲಿಕೈ ಆಮ್ಯಾಲ ಸಿಗತದ ಅಂತ ಪೆಟ್ಟಿಗಿ ಈಗ ಒಯ್ಯೋರು ಅದಾರ್ರಿ. ನಾ ನೋಡೀನಿ.”

ಕಳೆದ ವರ್ಷದ ಮಾತು. ಸುಲಭಾ ಎಂಬವರು ಪುಣೆಯ ಹೊರವಲಯದ ನಿಗಡಿಯಲ್ಲಿ ನಡೆಸುವ ಮಹಿಳಾ ಸಹಾಯವಾಣಿಗೆ ಪಂಕಜಾಕ್ಷಿ ಹೋಗಿದ್ದರು. ಗಂಡನ ಹೊಡೆತ ತಾಳದೆ ಮನೆ ಬಿಟ್ಟ ಹೆಂಗಸರು ಈಗ ಎಲ್ಲಿದ್ದಾರೆಂಬುದು ಆ ಕಚೇರಿಗಷ್ಟೇ ಗೊತ್ತು. ಹಳೆಯ ಬೀಗಗಳನ್ನು ಹುಡುಕುತ್ತಿದ್ದಾಗ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಕಚೇರಿಯ ರೂಟರ್‌ನಲ್ಲಿ ಯಾರೋ ಕೈಯಾಡಿಸಿದ್ದರು. ಹೊರಹೋಗುವ ಪ್ರತಿ ಸಂದೇಶದ ನಕಲು ಅಪರಿಚಿತ ವಿಳಾಸವೊಂದಕ್ಕೂ ಹೋಗುತ್ತಿತ್ತು. ಯಾರೂ ಬೆದರಿಸಿರಲಿಲ್ಲ, ಏನನ್ನೂ ಕೇಳಿರಲಿಲ್ಲ. ಓದಲಾಗದ್ದನ್ನು ಹಾಗೆಯೇ ಒಯ್ದು ಸುಮ್ಮನೆ ಕೂಡಿಡುತ್ತಿದ್ದರು.

ರೂಟರ್ ಕಿತ್ತುಹಾಕಿದರು, ಬೀಗಗಳನ್ನೆಲ್ಲ ಬದಲಿಸಿದರು. ಅದಾದ ಮೇಲೆ ಪಂಕಜಾಕ್ಷಿ ತಮ್ಮ ಸರ್ವರ್‌ನಲ್ಲಿ ಚಿಲಕದ ಹೊಸ ಆವೃತ್ತಿ ಹಾಕಿದರು. ಹಾಕಿದ ಕೂಡಲೇ ಯಾರೋ ಇಳಿಸಿಕೊಂಡರು. ಅದೇ ಅಪರಿಚಿತ ವಿಳಾಸ.

“ಆ ಕಡೆ ಯಾರೋ ಕೂತು ನನ್ನನ್ನ ನೋಡಾಕತ್ತಾರ ಅನಿಸ್ತು. ಎಲ್ಲಾ ಮುಚ್ಚಿಬಿಡೋಣ ಅಂದ್ಕೊಂಡೆ. ಮುಚ್ಚಿದ್ರ ಉಳಿದವ್ರು ಏನ್ ಮಾಡಬೇಕು? ಬೀಗ ಹೆಂಗ ಮಾಡೀವಿ ಅಂತ ಕಳ್ಳಗ ಗೊತ್ತಾದ್ರೂ ಕೀಲಿಕೈ ನಮ್ಮ ಕಡೆ ಇರತದಲ್ರಿ.”

ಆದರೆ ಹೋದದ್ದು ಹೋಗಿತ್ತು; ಹೆಂಗಸರ ವಿಳಾಸಗಳೂ ಅದರಲ್ಲಿದ್ದವು. ಹೆಂಗಸರಿಗೆ ತಿಳಿಸಬೇಕೆಂದಾಗ ಸುಲಭಾ ಹಿಂಜರಿದರು. “ಘಾಬರತೀಲ ತ್ಯಾ,” ಹೆದರಿಕೊಳ್ಳುತ್ತಾರೆ ಎಂದರು. ಪಂಕಜಾಕ್ಷಿ ಬಿಡಲಿಲ್ಲ. ಒಬ್ಬೊಬ್ಬರನ್ನೇ ಕರೆದು ಹೇಳಿದರು. ಅವರಲ್ಲೊಬ್ಬಳು, ಮೆಸ್ಸಿನಲ್ಲಿ ರೊಟ್ಟಿ ಬಡಿಯುವ ಕಾಶವ್ವ, ಪೂರ್ತಿ ಕೇಳಿಸಿಕೊಂಡಳು.

“ಅದನ್ನ ಯಾವಾಗ ಓದತಾರ್ರೀ ಅಕ್ಕಾರ?”

“ಗೊತ್ತಿಲ್ಲ ಕಾಶವ್ವ. ವರ್ಷಗಟ್ಟಲೆ ಆಗಬಹುದು. ನಾಳೇನೂ ಆಗಬಹುದು.”

“ಹಂಗಾರ ಅಷ್ಟರಾಗ ನಾ ಆ ಮನ್ಯಾಗ ಇರಬಾರದು.”

ಅದೇ ವಾರ ಅವಳು ಗಂಟುಮೂಟೆ ಕಟ್ಟಿದಳು. ಎಲ್ಲಿಗೆ ಹೋದಳೆಂದು ಪಂಕಜಾಕ್ಷಿ ಕೇಳಿಲ್ಲ. ಉಳಿದವರಲ್ಲಿ ಕೆಲವರು ನಕ್ಕರು. ಕೆಲವರಿಗೆ ಹೋಗಲು ಬೇರೆ ಜಾಗವಿರಲಿಲ್ಲ. ಅಂಥವರಿಗೆ ಮನೆ ಹುಡುಕುವುದೂ ಈಗ ಇವರ ಭಾನುವಾರದ ಕೆಲಸ.

ಪರದೆ ಮಿನುಗುತ್ತದೆ. ಇಂದಿನ ಆವೃತ್ತಿಯನ್ನು ಮೊದಲು ಇಳಿಸಿಕೊಂಡದ್ದೂ ಆ ವಿಳಾಸವೇ. ಪಂಕಜಾಕ್ಷಿ ಅದನ್ನು ನನಗೆ ತೋರಿಸುತ್ತಾರೆ, ತಡೆಯುವುದಿಲ್ಲ.

“ಒಂದಿಲ್ಲೊಂದಿನ ಅವ್ರು ಓದತಾರ್ರಿ,” ಎನ್ನುತ್ತಾರೆ. “ಓದಿ, ಹುಡುಕ್ಕೊಂಡು ಹೋದ್ರ, ಎಲ್ಲಾ ಖಾಲಿ ಮನೀನ ಸಿಗಬೇಕು. ಅಷ್ಟ ನನ್ನ ಆಸೆ.”