ಓಟು ಹಾಕಿ ಬಾರಾಮತಿಗೆ ಹೋದದ್ದು

ಆ ಮಂಗಳವಾರ ಬೆಳಿಗ್ಗೆ ಓಟು ಹಾಕಿದವಳೇ ಶಾಲೆಯ ಗೇಟಿನಿಂದ ನೇರವಾಗಿ ಸ್ವಾರಗೇಟಿನ ಬಸ್ ನಿಲ್ದಾಣಕ್ಕೆ ಹೊರಟೆ. ಹೊಟ್ಟೆಯಲ್ಲಿ ಒಂದು ಗುಟುಕು ಚಹಾ ಕೂಡ ಇರಲಿಲ್ಲ. ಕೈಚೀಲದಲ್ಲಿ ಒಂದು ಸೀರೆ, ಚುರಮುರಿಯ ದೊಡ್ಡ ಪೊಟ್ಟಣ, ಒಂದಿಷ್ಟು ಪುಟಾಣಿ ಹಿಟ್ಟು, ಹಸಿಮೆಣಸಿನಕಾಯಿ ಇದ್ದವು. ರಿಕ್ಷಾದವರೆಗೆ ಬಂದ ನಮ್ಮ ಮನೆಯವರು, ಬಾರಾಮತಿಯಲ್ಲಿ ಚುರಮುರಿ ಸಿಗುವುದಿಲ್ಲ ಎಂದು ಯಾರು ಹೇಳಿದರು ಅಂತ ಚೇಷ್ಟೆ ಮಾಡಿದರು. ಅವರಿಗೇನು, ನಾನು ಅತ್ತ ಹೋದ ಕೂಡಲೇ ಖಾನಾವಳಿಯ ಊಟಕ್ಕೆ ಹೋಗುವವರು.

ನಾವಿರುವುದು ಪುಣೆಯ ಸಿಂಹಗಡ ರಸ್ತೆಯ ಕಡೆ, ಕಾಲುವೆಯ ಪಕ್ಕದ ಒಂದು ಓಣಿಯಲ್ಲಿ. ಅಲ್ಲಿಂದ ಬಾರಾಮತಿಗೆ ನೂರು ಕಿಲೋಮೀಟರಿಗೂ ಹೆಚ್ಚು. ಆದರೂ ಲೋಕಸಭೆಯ ಲೆಕ್ಕದಲ್ಲಿ ನಾವು ಬಾರಾಮತಿಯವರು. ನೀರಿನ ಬಿಲ್ಲು ಪುಣೆಯದು, ಕಸದ ಗಾಡಿ ಪುಣೆಯದು, ಓಟು ಮಾತ್ರ ಬಾರಾಮತಿಗೆ. ಇಷ್ಟು ವರ್ಷ ಆ ಹೆಸರಿಗೆ ಗುಂಡಿ ಒತ್ತಿದ ನಾನು ಆ ಊರನ್ನು ಕಣ್ಣಿಂದ ಕಂಡಿರಲಿಲ್ಲ.

ಮೊದಲು ಹೀಗಿರಲಿಲ್ಲ. ನಾನು ಗದಗಿನ ಕಡೆಯಿಂದ ಮದುವೆಯಾಗಿ ಬಂದಾಗ ಅದು ಪುಣೆಯೇ ಅಲ್ಲ, ಹಳ್ಳಿ. ಗ್ರಾಮ ಪಂಚಾಯಿತಿ ಇತ್ತು, ಪೇರಲದ ತೋಟಗಳಿದ್ದವು. ಕಾಲುವೆಯ ಈಚೆಯವರಿಗೂ ಆಚೆಯವರಿಗೂ ಒಂದೇ ಶಾಲೆ, ಓಟಿಗೆ ಒಂದೇ ಸಾಲು. ಆ ಸಾಲಿನಲ್ಲಿಯೇ ನನಗೆ ಶಾಂತಕ್ಕ ಸಿಕ್ಕದ್ದು. ಅಕ್ಕಲಕೋಟೆಯ ಕಡೆಯವಳು, ಕಾಲುವೆಯ ಆಚೆಯ ಮನೆ, ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು. ಸುತ್ತೆಲ್ಲ ಮರಾಠಿ ನಡೆದಿರುವಾಗ ಹಿಂದಿನಿಂದ ಯಾರೋ "ಭಾಳ ಬಿಸಲವಾ" ಅಂದದ್ದು ಕೇಳಿ ತಿರುಗಿ ನೋಡಿದೆ. ಅವತ್ತಿನಿಂದ ಹಿಡಿದ ಮಾತು ಮೂವತ್ತು ವರ್ಷ ಬಿಡಲಿಲ್ಲ.

ಓಟಿನ ದಿನ ಒಲೆ ಹಚ್ಚಬಾರದು ಎಂಬ ಕಟ್ಟಳೆ ಅವಳದೇ. ಹೆಂಗಸು ಒಮ್ಮೆ ಒಲೆ ಹಚ್ಚಿದಳೆಂದರೆ ಚಹಾದ ಹಿಂದೆ ನಾಷ್ಟಾ, ನಾಷ್ಟಾದ ಹಿಂದೆ ಅಡುಗೆ, ಅಡುಗೆಯ ಹಿಂದೆ ಮುಸುರೆ. ಮತಗಟ್ಟೆ ಮುಚ್ಚಿದ ಮೇಲೆ ಓಟಿನ ನೆನಪಾಗುತ್ತದೆ ಎಂದು ಅವಳ ವಾದ. ಆದ್ದರಿಂದ ಇಬ್ಬರ ಬೆರಳಿಗೂ ಶಾಯಿ ಬೀಳುವತನಕ ಇಬ್ಬರ ಮನೆಯಲ್ಲಿಯೂ ಒಲೆ ತಣ್ಣಗೆ, ಇಬ್ಬರ ಬಾಯಿಗೂ ಏನೂ ಇಲ್ಲ. ಆಮೇಲೆ ಅವಳ ಮನೆಯಲ್ಲಿ ಸೂಸಲ. ಚುರಮುರಿ ನೆನೆಸಿ, ಹಿಂಡಿ, ಒಗ್ಗರಣೆ ಕೊಟ್ಟು, ಮೇಲೆ ಪುಟಾಣಿ ಹಿಟ್ಟು ಉದುರಿಸುವುದು. ಅವಳ ಕೈಯ ರುಚಿ ನನಗೆ ಎಂದೂ ಬರಲಿಲ್ಲ.

ಹಳ್ಳಿ ಪಾಲಿಕೆಗೆ ಸೇರಿತು. ಶಿಕ್ಕಾ ಒತ್ತುವ ಕಾಗದ ಹೋಗಿ ಯಂತ್ರ ಬಂತು. ನಂತರ ಕ್ಷೇತ್ರಗಳ ಗೆರೆಗಳನ್ನು ಹೊಸದಾಗಿ ಎಳೆದರು. ಎಳೆದವರು ಎಲ್ಲಿ ಕುಳಿತಿದ್ದರೋ, ಗೆರೆ ಮಾತ್ರ ನಮ್ಮ ಕಾಲುವೆಯ ಮೇಲೆ ಬಿತ್ತು. ಆಚೆಯ ದಂಡೆ ಪುಣೆಗೆ, ಈಚೆಯ ದಂಡೆ ಬಾರಾಮತಿಗೆ. ಶಾಂತಕ್ಕನಿಗೆ ಬೇರೆ ಶಾಲೆ, ಬೇರೆ ಉಮೇದುವಾರರು. ಆದರೂ ಓಟಿನ ದಿನ ಒಂದೇ ಇತ್ತಲ್ಲ. ಮೊದಲು ಮುಗಿಸಿದವಳು ಕಾಲುವೆಯ ಸಣ್ಣ ಸೇತುವೆಯ ಮೇಲೆ ಹಸಿದುಕೊಂಡು ನಿಲ್ಲುವುದು, ಇನ್ನೊಬ್ಬಳು ದೂರದಿಂದಲೇ ಶಾಯಿಯ ಬೆರಳು ಎತ್ತಿ ತೋರಿಸುತ್ತ ಬರುವುದು, ಹೀಗೆ ಎಷ್ಟೋ ಚುನಾವಣೆ ಮಾಡಿದೆವು.

ಗಂಡ ತೀರಿಕೊಂಡ ಮೇಲೆ ಶಾಂತಕ್ಕ ಮಗಳು ಸುವರ್ಣಾಳ ಮನೆಗೆ ಹೋದಳು. ಮಗಳ ಮನೆ ಇರುವುದು ಬಾರಾಮತಿಯಲ್ಲಿ. ಅಳಿಯ ಅಲ್ಲಿಯ ಹಾಲಿನ ಡೇರಿಯಲ್ಲಿದ್ದಾನೆ. ಅವ್ವನ ಹೆಸರನ್ನು ಇಲ್ಲಿಯ ಮತದಾರರ ಪಟ್ಟಿಗೆ ಸೇರಿಸುತ್ತೇವೆ ಎಂದು ಸುವರ್ಣಾ ಫೋನಿನಲ್ಲಿ ಹೇಳಿದಾಗ ನಾನು ಅತ್ತೂ ಇದ್ದೆ, ನಕ್ಕೂ ಇದ್ದೆ. ನಮ್ಮನ್ನು ಬೇರೆ ಮಾಡಿದ ಗೆರೆಯೇ ಈಗ ಇಬ್ಬರನ್ನೂ ಒಂದು ಕ್ಷೇತ್ರಕ್ಕೆ ತಂದಿತ್ತು. ಅದರ ಮೇಲೆ ಈ ಸಲ ಬಾರಾಮತಿಗೆ ಮಂಗಳವಾರ, ಪುಣೆಗೆ ಮುಂದಿನ ಸೋಮವಾರ ಓಟು ಎಂದು ಸಾರಿದರು. ಅವಳೂ ಅವತ್ತೇ ಬಾರಾಮತಿಯಲ್ಲಿ ಓಟು ಹಾಕಿ ಒಲೆ ಹಚ್ಚದೆ ಕುಳಿತಿರುತ್ತಾಳೆ, ಹೇಳದೆ ಕೇಳದೆ ಬಾಗಿಲಲ್ಲಿ ನಿಂತು ಬೆರಳು ತೋರಿಸಬೇಕು, ಇಬ್ಬರೂ ಕೂಡಿ ಸೂಸಲ ತಿನ್ನಬೇಕು. ನಾನು ಹೊರಟದ್ದು ಅಷ್ಟಕ್ಕೇ.

ಸ್ವಾರಗೇಟಿನಲ್ಲಿ ಬಾರಾಮತಿಯ ಬಸ್ಸಿಗೆ ಗದ್ದಲ. ಊರಿಗೆ ಹೋಗಿ ಓಟು ಹಾಕುವವರೇ ಹೆಚ್ಚು. ಹೆಂಗಸರಿಗೆ ಅರ್ಧ ಟಿಕೆಟು, ಹಾಗಾಗಿ ಖರ್ಚಿನ ಚಿಂತೆ ಇರಲಿಲ್ಲ. ಕಿಟಕಿಯ ಪಕ್ಕದ ಸೀಟಿಗೆ ಮಾತ್ರ ಸ್ವಲ್ಪ ಮೊಣಕೈ ಉಪಯೋಗಿಸಬೇಕಾಯಿತು. ಕಂಡಕ್ಟರು ನನ್ನ ಬೆರಳು ನೋಡಿ, ಎಲ್ಲರೂ ಓಟು ಹಾಕಲಿಕ್ಕೆ ಹೊರಟರೆ ನೀವು ಹಾಕಿಯೇ ಹೊರಟಿದ್ದೀರಲ್ಲ ಎಂದು ಮರಾಠಿಯಲ್ಲಿ ಅಂದರು.

ಅದು ವಿಚಿತ್ರ ದಾರಿ. ಮನೆ ಬಿಟ್ಟು ಸ್ವಾರಗೇಟಿಗೆ ಬಂದರೆ ಅದು ಪುಣೆ ಕ್ಷೇತ್ರ. ಹಡಪಸರಕ್ಕೆ ಬಂದರೆ ಇನ್ನೊಂದು ಕ್ಷೇತ್ರ. ಅಲ್ಲಿಯೂ ಸೋಮವಾರವೇ ಓಟು. ದಾರಿಯುದ್ದಕ್ಕೂ ಧ್ವನಿವರ್ಧಕದ ರಿಕ್ಷಾಗಳು ಕೂಗುತ್ತ ತಿರುಗುತ್ತಿದ್ದವು. ದಿವೇಘಾಟ ಹತ್ತಿ ಇಳಿದ ಮೇಲೆ ಗದ್ದಲ ನಿಂತಿತು. ಸಾಸವಡದ ಶಾಲೆಯ ಮುಂದೆ ಸಾಲು, ಕೊಡೆ ಹಿಡಿದ ಮುದುಕಿಯರು, ಪೊಲೀಸರು. ಮತ್ತೆ ನನ್ನ ಕ್ಷೇತ್ರದೊಳಗೆ ಬಂದಿದ್ದೆ. ಗುರುತಿನವರು ಒಬ್ಬರೂ ಇಲ್ಲದಿದ್ದರೂ ಯಾಕೋ ತವರಿನ ಸೀಮೆ ಮುಟ್ಟಿದ ಹಾಗೆ ಖುಷಿಯಾಯಿತು.

ಸಾಸವಡದಲ್ಲಿ ಅಂಜೂರದ ಬುಟ್ಟಿ ಹೊತ್ತ ಹೆಂಗಸೊಬ್ಬಳು ಹತ್ತಿ ನನ್ನ ಪಕ್ಕ ಕುಳಿತಳು. ಅವಳ ಬೆರಳಿನ ಶಾಯಿ ಇನ್ನೂ ಹಸಿಯಾಗಿತ್ತು. ನಾನು ಪುಣೆಯವಳೆಂದು ತಿಳಿದು, ಪುಣೆಯ ಓಟು ಮುಂದಿದೆಯಲ್ಲ, ನಿಮ್ಮ ಬೆರಳಿಗೆ ಶಾಯಿ ಎಲ್ಲಿಯದು ಎಂದು ಸಂಶಯದಿಂದ ಕೇಳಿದಳು. ಕಾಲುವೆ, ಗೆರೆ ಎಲ್ಲ ವಿವರಿಸಿದೆ. "ಹಾಗಾದರೆ ನೀವು ನಮ್ಮವರೇ" ಎಂದು ಮರಾಠಿಯಲ್ಲಿ ಹೇಳಿ ಎರಡು ಅಂಜೂರ ಕೈಗಿಟ್ಟಳು. ತಿನ್ನದೆ ಚೀಲಕ್ಕೆ ಹಾಕಿಕೊಂಡಾಗ ಉಪವಾಸವೇ, ಯಾವ ದೇವರದು ಎಂದು ಕೇಳಿದಳು. ಓಟಿನದು ಎಂದು ಹೇಗೆ ಹೇಳಲಿ? ಅಷ್ಟರಲ್ಲಿ ಜೇಜುರಿಯ ಗುಡ್ಡ ಕಂಡಿತು. ನಮ್ಮ ಮೈಲಾರಲಿಂಗನೇ ಅಲ್ಲಿ ಖಂಡೋಬಾ. ಅವನ ಕಡೆಗೆ ಕೈ ಮುಗಿದು ಪಾರಾದೆ.

ಮೋರಗಾವ ದಾಟಿದ ಮೇಲೆ ಬಿಸಿಲು ಬೆಂಕಿಯಾಯಿತು. ಗಾಳಿಯೂ ಬಿಸಿ, ಕಿಟಕಿಯ ಸರಳೂ ಬಿಸಿ. ಬಾರಾಮತಿ ಹತ್ತಿರವಾದಂತೆ ಕಬ್ಬಿನ ಹಸಿರು ಬಂತು. ಊರು ನಾನು ಎಣಿಸಿದ್ದಕ್ಕಿಂತ ದೊಡ್ಡದು, ಅಗಲ ರಸ್ತೆ, ದೊಡ್ಡ ನಿಲ್ದಾಣ. ಹಸಿವೆಯಿಂದ ಕಣ್ಣು ಕತ್ತಲೆ ಬರುತ್ತಿದ್ದ ನನಗೆ ಅದನ್ನು ನೋಡುವ ತ್ರಾಣ ಇರಲಿಲ್ಲ. ರಿಕ್ಷಾ ಹಿಡಿದು ಡೇರಿಯ ಹಿಂದಿನ ಕಾಲೊನಿಗೆ ಹೋದೆ.

ಶಾಂತಕ್ಕ ಪಡಸಾಲೆಯಲ್ಲಿ ಕುಳಿತಿದ್ದಳು. ಮುಂದೆ ತಾಟು, ತಾಟಿನಲ್ಲಿ ಅರ್ಧ ರೊಟ್ಟಿ, ಬದನೆಕಾಯಿ ಪಲ್ಯ. ಬಾಗಿಲಲ್ಲಿ ಬೆರಳೆತ್ತಿ ನಿಂತ ನನ್ನನ್ನು ನೋಡಿ ಅವಳ ಕೈಯ ತುತ್ತು ಹಾಗೆಯೇ ನಿಂತಿತು. ಸೊರಗಿದ್ದಳು. ಎಷ್ಟು ದಿನದ ಮೇಲೆ ನೋಡುತ್ತಿದ್ದೇನೆ, ಕ್ಷೇಮ ಕೇಳಬೇಕು ಎಂಬುದನ್ನೂ ಮರೆತೆ.

"ಉಂಡೇಬಿಟ್ರಿ?" ಅಂದೆ.

ಅವಳ ಎಡಗೈ ತೊಡೆಯ ಮೇಲಿತ್ತು. ತೋರುಬೆರಳಿಗೆ ಶಾಯಿ ಇರಲಿಲ್ಲ.

"ನಂದು ಸೋಮವಾರ ಅದಲ್ಲವಾ" ಅಂದಳು ಶಾಂತಕ್ಕ. ತಪ್ಪು ಮಾಡಿದವಳ ಹಾಗೆ ತಾಟನ್ನು ಗೋಡೆಯ ಕಡೆ ಸರಿಸಿದಳು.

ಅಡುಗೆಮನೆಯಿಂದ ನೀರು ತಂದ ಸುವರ್ಣಾ ಬೇಸರದಿಂದ ಎಲ್ಲ ಹೇಳಿದಳು. ಪಟ್ಟಿಯವರು ಮನೆಗೆ ಬಂದಾಗಲೆಲ್ಲ ಅವ್ವ ಎದ್ದು ಒಳಗೆ ಹೋಗುತ್ತಾಳಂತೆ. ಇರುವುದು ಇಲ್ಲಿ, ಹೆಸರು ಮಾತ್ರ ಇನ್ನೂ ಪುಣೆಯ ಪಟ್ಟಿಯಲ್ಲಿ. ನಾನು ಶಾಂತಕ್ಕನ ಮುಖ ನೋಡಿದೆ. ಮಗಳು ಒಳಗೆ ಹೋದ ಮೇಲೆ ಅವಳು ಹೇಳಿದಳು: "ಭಾಂಡಿ ತಂದೀನಿ, ಬಟ್ಟಿ ತಂದೀನಿ, ಮನಿ ಕೀಲಿನೂ ಮಾಲಕಗ ಕೊಟ್ಟೀನಿ. ಹೆಸರೊಂದಾದ್ರೂ ಅಲ್ಲೇ ಇರಲಿ ಅಂದೆ, ಶಾರದಾ."

ಬಿಸಿಲಿನಲ್ಲಿ ಹಸಿದು ಬಂದದ್ದಕ್ಕೆ ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅವಳು ನನ್ನ ಕ್ಷೇತ್ರಕ್ಕೆ ಬಂದಳೆಂದು ಹಿಗ್ಗಿದ್ದ ನಾನು, ಇನ್ನೂ ಬಂದಿಲ್ಲ ಎಂದು ತಿಳಿದು ಅದಕ್ಕಿಂತ ಹಿಗ್ಗಿದೆ. ನಮ್ಮ ಕಾಲುವೆಯನ್ನು ಅವಳು ಇನ್ನೂ ಬಿಟ್ಟಿರಲಿಲ್ಲ.

ಚುರಮುರಿ ತೆಗೆದದ್ದೇ ತಡ, ನನ್ನ ಕೈಯಿಂದ ಕಸಿದುಕೊಂಡು ಅವಳೇ ಒಗ್ಗರಣೆಗೆ ನಿಂತಳು. ನನಗೆ ತಾಟಿನ ತುಂಬ ಹಾಕಿಕೊಟ್ಟು ಎದುರಿಗೆ ಕುಳಿತಳು. ತಾನು ಮಾತ್ರ ಒಂದು ಕಾಳೂ ಬಾಯಿಗೆ ಹಾಕಲಿಲ್ಲ. ರೊಟ್ಟಿಯ ಮಾತು ಬೇರೆ, ಅದು ದಿನದ ಊಟ. ಸೂಸಲ ಶಾಯಿ ಬಿದ್ದ ಮೇಲೆಯೇ ಅಂದಳು. ನಾನು ಒಬ್ಬಳೇ ತಿಂದೆ. ರುಚಿ ಅದೇ ಇತ್ತು. ಅಂಜೂರವನ್ನು ಮಾತ್ರ ಒಂದೊಂದು ಹಂಚಿಕೊಂಡೆವು.

ಮಧ್ಯಾಹ್ನವಿಡೀ ಮಾತಾಡಿದೆವು. ಮನೆಯಲ್ಲಿ ಮೊಮ್ಮಕ್ಕಳು ಮರಾಠಿ, ಅಳಿಯನೂ ಮರಾಠಿ, ಮಗಳಿಗೆ ಪುರುಸೊತ್ತಿಲ್ಲ. ಒಬ್ಬರೂ ಕೆಟ್ಟವರಲ್ಲ, ಆದರೆ ಬೈಯಬೇಕೆಂದರೂ ಮರಾಠಿಯಲ್ಲೇ ಬೈಯಬೇಕು, ಅದರಿಂದ ಸಮಾಧಾನ ಆಗುವುದಿಲ್ಲ ಎಂದು ನಕ್ಕಳು. ಸೋಮವಾರ ಪುಣೆಗೆ ಬನ್ನಿ ಎಂದು ಗೋಗರೆದೆ. ಮೊಣಕಾಲು ನೋವು, ಈ ಬಿಸಿಲು, ಘಾಟಿನ ತಿರುವಿನಲ್ಲಿ ವಾಂತಿ ಎಂದು ಸುವರ್ಣಾ ಒಂದೊಂದೇ ಹೇಳಿದಳು. ಅಳಿಯನ ಪಾಳಿ ಹೊಂದಿದರೆ ಗಾಡಿ ಮಾಡಿಕೊಂಡು ಬರೋಣ, ನೋಡೋಣ ಅಂದಳು. ನಮ್ಮ ಕಡೆ ನೋಡೋಣ ಅಂದರೆ ಏನೆಂದು ಎಲ್ಲರಿಗೂ ಗೊತ್ತು.

ಸಂಜೆಯ ಬಸ್ಸಿಗೆ ಬಿಡಲು ಮಗಳ ತೋಳು ಹಿಡಿದು ನಿಲ್ದಾಣದವರೆಗೆ ಬಂದಳು. ಕಿಟಕಿಯ ಕೆಳಗೆ ನಿಂತು, "ಸುವರ್ಣಾ ಹೆಸರ ಇಲ್ಲಿಗೇ ಮಾಡ್ಸು ಅಂತಾಳ. ಮಾಡಿಸಿದ್ರ ನಿಂದೂ ನಂದೂ ಒಂದೇ ದಿವಸ ಆಗ್ತದ. ಏನ ಮಾಡಲಿ?" ಎಂದು ಕೇಳಿದಳು.

"ಮಾಡಸಬ್ಯಾಡ್ರಿ ಶಾಂತಕ್ಕಾ" ಅಂದೆ. ಮಗಳ ಮುಂದೆ ಹಾಗೆ ಅನ್ನಬಾರದಿತ್ತೇನೋ. ಬಸ್ಸು ತಿರುಗುವಾಗ ಹೊರಗೆ ನೋಡಿದೆ. ಅವಳು ಶಾಯಿಯಿಲ್ಲದ ಬೆರಳನ್ನು ಎತ್ತಿ ಹಿಡಿದು ನಿಂತಿದ್ದಳು.

ನಮ್ಮ ಓಣಿಗೆ ಬಂದಾಗ ಕತ್ತಲಾಗಿತ್ತು. ಕಾಲುವೆಯ ಈಚೆ ಚುನಾವಣೆ ಮುಗಿದು ಎಲ್ಲ ತಣ್ಣಗಿತ್ತು. ಆಚೆಯ ದಂಡೆಯಲ್ಲಿ ಪ್ರಚಾರ ಇನ್ನೂ ನಡೆದಿತ್ತು.

ಸೋಮವಾರ ನಾನು ಒಲೆ ಹಚ್ಚಲಿಲ್ಲ. ನಿನ್ನ ಓಟು ಮುಗಿದಿದೆಯಲ್ಲ ಎಂದು ಮನೆಯವರು ಒಮ್ಮೆ ಕೇಳಿದರು, ಮತ್ತೆ ಕೇಳದೆ ಖಾನಾವಳಿಗೆ ಹೋದರು. ಬೆಳಿಗ್ಗೆ ಎರಡು ಸಲ, ಮಧ್ಯಾಹ್ನದ ಮೇಲೆ ಪೂರ್ತಿ ಸೇತುವೆಯ ಮೇಲೆ ನಿಂತೆ. ಆಚೆಯ ಓಣಿಯವರೆಲ್ಲ ಶಾಯಿ ಹಚ್ಚಿಕೊಂಡು ಬಂದರು. ಬಂದ ಪ್ರತಿ ಗಾಡಿಯೊಳಗೆ ಬಗ್ಗಿ ನೋಡಿದೆ. ಬಾರಾಮತಿಯಿಂದ ಗಾಡಿ ಬರಲಿಲ್ಲ.

ಆರು ಹೊಡೆದು ಮತಗಟ್ಟೆಯ ಗೇಟು ಮುಚ್ಚಿದ ಮೇಲೆ ಫೋನು ಬಂತು.

"ಗೇಟ ಹಾಕಿದ್ರೇನವಾ?" ಶಾಂತಕ್ಕ ಕೇಳಿದಳು. ಧ್ವನಿ ಬಹಳ ಸಣ್ಣದಾಗಿತ್ತು.

"ಈಗ ಹಾಕಿದ್ರು ನೋಡ್ರಿ."

"ಹಂಗಾರ ಮನಿಗೆ ಹೋಗಿ ಒಲಿ ಹಚ್ಚು" ಅಂದಳು. "ನಾನೂ ಈಗ ಉಣ್ತೀನಿ. ಮುಂಜಾನಿಂದ ಚಾನೂ ಕುಡಿದಿಲ್ಲ."